ಜಂಬೋ ಬ್ಯಾಗ್ ಬಿಟ್ಟು ಸೆಣಬಿನ ಚೀಲಕ್ಕೆ ಮರಳಿದರೆ ಪರಿಸರಕ್ಕೆ ಒಳ್ಳೆಯದೇ?

ನಿಮ್ಮ ಕಾರ್ಖಾನೆಯಲ್ಲಿ ಮೆಕ್ಕೆಜೋಳದ ಪಿಷ್ಟವನ್ನು ಒಂದು ಟನ್ ಹಿಡಿಯುವ ಪ್ಲಾಸ್ಟಿಕ್ ಜಂಬೋ ಬ್ಯಾಗುಗಳಲ್ಲಿ ತುಂಬಿ ಕಳುಹಿಸುತ್ತೀರಿ ಎಂದು ಬರೆದಿದ್ದೀರಿ. ಇವನ್ನು ಬಿಟ್ಟು ಸೆಣಬಿನ ಚೀಲಕ್ಕೆ ಹೋಗಬೇಕೇ, ಚೀಲ ಹೊಲಿಯುವವರನ್ನು ನ್ಯಾಯವಾಗಿ ನಡೆಸಿಕೊಳ್ಳುತ್ತಾರೆಂದು ಯುರೋಪಿನ ಗ್ರಾಹಕರಿಗೆ ಹೇಗೆ ಖಾತ್ರಿಪಡಿಸುವುದು ಎಂಬ ಎರಡು ಪ್ರಶ್ನೆಗಳನ್ನೂ ಕೇಳಿದ್ದೀರಿ. ಜಂಬೋ ಬ್ಯಾಗುಗಳ ಗುಣಮಟ್ಟ ಪರೀಕ್ಷೆಯಲ್ಲಿ ಬಹುಕಾಲ ಕೆಲಸ ಮಾಡಿರುವ ನನ್ನ ಅಭಿಪ್ರಾಯ ಇದು: ಚೀಲದ ವಸ್ತುವನ್ನು ಬದಲಿಸುವುದಕ್ಕಿಂತ ಅದೇ ಚೀಲ ಹೆಚ್ಚು ಬಾರಿ ಓಡಾಡುವಂತೆ ಮಾಡುವುದರಿಂದ ದೊಡ್ಡ ಲಾಭವಿದೆ, ಮತ್ತು ಅದನ್ನು ಸಾಧಿಸುವ ಅಧಿಕಾರ ತಯಾರಕರಿಗಿಂತ ಹೆಚ್ಚಾಗಿ ನಿಮ್ಮ ಖರೀದಿ ಆದೇಶದಲ್ಲಿದೆ.

ಮೊದಲು ಸೆಣಬಿನ ಲೆಕ್ಕ ನೋಡೋಣ. ಆಹಾರಧಾನ್ಯಕ್ಕೆ ಬಳಸುವ 50 ಕೆ.ಜಿ. ಸಾಮರ್ಥ್ಯದ ಸೆಣಬಿನ ಚೀಲ ಸುಮಾರು 580 ಗ್ರಾಂ ತೂಗುತ್ತದೆ. ಒಂದು ಟನ್ ಸರಕಿಗೆ ಅಂಥ 20 ಚೀಲಗಳು ಬೇಕು, ಅಂದರೆ ಹನ್ನೊಂದೂವರೆ ಕಿಲೋಗಿಂತ ತುಸು ಹೆಚ್ಚು ಸೆಣಬು. ಅದೇ ಒಂದು ಟನ್ನನ್ನು ಹೊರುವ ಜಂಬೋ ಬ್ಯಾಗಿನ ತೂಕ ಸಾಮಾನ್ಯವಾಗಿ ಎರಡರಿಂದ ಮೂರು ಕೆ.ಜಿ. ಮಾತ್ರ. ಸೆಣಬು ಮಣ್ಣಿಗೆ ಸೇರುವ ನಾರು ಎಂಬುದು ನಿಜ. 1987ರ ಸೆಣಬು ಪ್ಯಾಕೇಜಿಂಗ್ ಕಾಯ್ದೆಯಡಿ ಧಾನ್ಯಕ್ಕೂ ಸಕ್ಕರೆಯ ಒಂದು ಪಾಲಿಗೂ ಅದನ್ನು ಕಡ್ಡಾಯಗೊಳಿಸಿ, ಬೆಳೆಗಾರರಿಗೂ ಗಿರಣಿ ಕಾರ್ಮಿಕರಿಗೂ ಸರ್ಕಾರ ಆಸರೆ ನೀಡಿರುವುದನ್ನು ನಾನು ಗೌರವಿಸುತ್ತೇನೆ. ಕಾಫಿ ಬೀಜಕ್ಕೂ ಸೆಣಬು ಚೆನ್ನಾಗಿ ಒಗ್ಗುತ್ತದೆ, ಆದರೆ ಅಲ್ಲಿ ನಾರನ್ನು ಮೆದುಗೊಳಿಸಲು ಖನಿಜ ತೈಲದ ಬದಲು ಸಸ್ಯಜನ್ಯ ಎಣ್ಣೆ ಬಳಸಿದ ಚೀಲಗಳನ್ನೇ ಆರಿಸಬೇಕು. ಪಿಷ್ಟದ ಸಂಗತಿ ಬೇರೆ. ಅದು ನುಣ್ಣನೆಯ ಪುಡಿ, ತೇವ ಹೀರುತ್ತದೆ, ನೇಯ್ಗೆಯ ಸಂದಿಯಿಂದ ಸೋರುತ್ತದೆ. ಹಾಗಾಗಿ ಸೆಣಬಿನ ಒಳಗೂ ಪ್ಲಾಸ್ಟಿಕ್ ಲೈನರ್, ಅಂದರೆ ಒಳಚೀಲ, ಹಾಕಲೇಬೇಕಾಗುತ್ತದೆ, ಆಗ ನೀವು ಬಯಸಿದ ಲಾಭವೇ ಕರಗಿಹೋಗುತ್ತದೆ.

ಇನ್ನು ಮರುಬಳಕೆ. ಇಲ್ಲಿ ಸ್ವಲ್ಪ ವಿವರಕ್ಕೆ ಇಳಿಯಬೇಕು, ಏಕೆಂದರೆ ಸುರಕ್ಷತೆಯನ್ನು ಮರೆತ ಮರುಬಳಕೆ ಫೋರ್ಕ್‌ಲಿಫ್ಟಿನ ಬಳಿ ನಿಂತವರ ಜೀವಕ್ಕೇ ಅಪಾಯ. ಜಂಬೋ ಬ್ಯಾಗುಗಳಿಗಿರುವ ಐಎಸ್‌ಒ 21898 ಮಾನದಂಡದಲ್ಲಿ ಚೀಲಗಳನ್ನು ಮೂರು ಬಗೆಯಾಗಿ ವಿಂಗಡಿಸಲಾಗಿದೆ. ಒಂದೇ ಬಾರಿ ತುಂಬಬೇಕಾದ ಚೀಲವು ತನ್ನ ಮೇಲೆ ಮುದ್ರಿಸಿದ ಸುರಕ್ಷಿತ ಭಾರದ 5 ಪಟ್ಟನ್ನು, ಸಾಧಾರಣ ಮರುಬಳಕೆಯದು 6 ಪಟ್ಟನ್ನು, ಹೆಚ್ಚು ಕಾಲ ದುಡಿಯಬೇಕಾದ ಗಟ್ಟಿ ಚೀಲವು 8 ಪಟ್ಟನ್ನು ಪರೀಕ್ಷೆಯಲ್ಲಿ ತಾಳಬೇಕು. ನೋಡುವುದಕ್ಕೆ 5 ಮತ್ತು 6ರ ನಡುವೆ ಅಂತರ ಕಡಿಮೆ ಎನಿಸಬಹುದು. ಆದರೆ ಆ ಕೊನೆಯ ಎಳೆತಕ್ಕೆ ಮುನ್ನ ಒಂದೇ ಬಾರಿಯ ಚೀಲವನ್ನು ಎರಡು ಪಟ್ಟು ಭಾರಕ್ಕೆ 30 ಸಲ ಎಳೆದು ಬಿಟ್ಟರೆ ಸಾಕು. ಸಾಧಾರಣ ಮರುಬಳಕೆಯ ಚೀಲವನ್ನು ನಾಲ್ಕು ಪಟ್ಟು ಭಾರಕ್ಕೆ 70 ಸಲ ಎಳೆಯಬೇಕು. ಎತ್ತುವ ಪಟ್ಟಿಯ ಬುಡದ ಹೊಲಿಗೆ ಎಷ್ಟು ಗಟ್ಟಿ ಎಂಬುದು ಅಲ್ಲಿ ಬಯಲಾಗುತ್ತದೆ. ಆದ್ದರಿಂದ 5:1 ಎಂದು ಮುದ್ರಿಸಿರುವ, ಅಂದರೆ ಒಂದೇ ಬಾರಿಯ ಚೀಲ ಎಷ್ಟೇ ಹೊಸದಾಗಿ ಕಂಡರೂ ಅದನ್ನು ಮತ್ತೆ ತುಂಬಿ ಎತ್ತಬೇಡಿ.

ಯುರೋಪಿಗೆ ಹೋದ ಖಾಲಿ ಚೀಲವನ್ನು ಹಿಂದಕ್ಕೆ ತರಿಸುವುದು ಸಾಗಣೆ ವೆಚ್ಚದ ದೃಷ್ಟಿಯಿಂದ ಕಷ್ಟ, ಅದನ್ನು ನಾನು ಒಪ್ಪುತ್ತೇನೆ. ಆದರೆ ನಿಮ್ಮ ಪಿಷ್ಟದ ಒಂದು ಪಾಲು ಇಲ್ಲಿಯದೇ ಕಾಗದದ ಗಿರಣಿಗಳಿಗೂ ಅಂಟು ತಯಾರಕರಿಗೂ ಹೋಗುವುದಾದರೆ, ಮೊದಲು ಅಲ್ಲಿ 6:1ರ ಚೀಲಗಳ ಸುತ್ತು ಆರಂಭಿಸಿ. ಸರಕು ಇಳಿಸಿದ ಲಾರಿಯಲ್ಲೇ ಖಾಲಿ ಚೀಲಗಳನ್ನು ಬೇಲ್ ಕಟ್ಟಿ ವಾಪಸು ತರಿಸಬಹುದು. ಬಂದ ಪ್ರತಿ ಚೀಲದ ಪಟ್ಟಿ, ಹೊಲಿಗೆ, ತಳ ಮತ್ತು ಬಾಯಿಯನ್ನು ತರಬೇತಿ ಪಡೆದವರೊಬ್ಬರು ಬೆಳಕಿನಲ್ಲಿ ಪರಿಶೀಲಿಸಬೇಕು, ಲೈನರ್ ಬದಲಿಸಬೇಕು, ಎಷ್ಟನೆಯ ಸುತ್ತು ಎಂಬುದನ್ನು ದಾಖಲಿಸಬೇಕು, ಅನುಮಾನ ಬಂದದ್ದನ್ನು ಆ ಕ್ಷಣವೇ ಪಟ್ಟಿ ಕತ್ತರಿಸಿ ಹೊರಗಿಡಬೇಕು. ಪಿಷ್ಟದ ಧೂಳು ಹೊತ್ತಿಕೊಳ್ಳುವಂಥದ್ದಾದ್ದರಿಂದ, ನೀವು ಬಳಸುವುದು ಸ್ಥಿರ ವಿದ್ಯುತ್ತನ್ನು ನೆಲಕ್ಕೆ ಹರಿಸಲು ಭೂಸಂಪರ್ಕ ಬೇಕಾಗುವ ಸಿ ಮಾದರಿಯ ಚೀಲವಾಗಿದ್ದರೆ ಅದರ ವಿದ್ಯುತ್ ರೋಧವನ್ನೂ ಮತ್ತೆ ತುಂಬುವ ಮೊದಲು ಅಳೆಯಬೇಕು. ನಮ್ಮ ಎಪಿಎಂಸಿಗಳಲ್ಲಿ ಹಳೆಯ ಗೋಣಿಚೀಲಕ್ಕೆ ಒಂದು ಬೆಲೆಯೂ ಅದನ್ನು ಕೊಳ್ಳುವವರೂ ಹರಿದದ್ದನ್ನು ಹೊಲಿಯುವವರೂ ಇದ್ದಾರೆ. ಜಂಬೋ ಬ್ಯಾಗಿಗೂ ಅಂಥದೇ ವ್ಯವಸ್ಥೆ ಬೇಕು.

ಒಂದು ಮಾತು ಬಿಸಿಲಿನ ಬಗ್ಗೆ. ಜಂಬೋ ಬ್ಯಾಗ್ ನೇಯುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ದಾರ ಸೂರ್ಯನ ಅತಿನೇರಳೆ ಕಿರಣಕ್ಕೆ ಬೇಗ ಪುಡಿಯಾಗುತ್ತದೆ. ಅದಕ್ಕೆಂದೇ ರಕ್ಷಕ ಸೇರ್ಪಡೆಗಳನ್ನು ಬೆರೆಸುತ್ತಾರೆ, ಆದರೂ ಪ್ರಯೋಗಾಲಯದಲ್ಲಿ 200 ಗಂಟೆ ಆ ಕಿರಣಕ್ಕೆ ಒಡ್ಡಿದ ಬಳಿಕ ಬಟ್ಟೆಯ ಅರ್ಧದಷ್ಟು ಬಲ ಉಳಿದರೂ ಮಾನದಂಡದ ಪ್ರಕಾರ ಅದು ತೇರ್ಗಡೆ. ಹಾಗಾಗಿ ಅಂಗಳದಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ಬಿದ್ದ ಚೀಲದ ಮರುಬಳಕೆಯ ಮಾತನ್ನೇ ಎತ್ತಬಾರದು. ಚೀಲಗಳನ್ನು ನೆರಳಿಗೆ ಸರಿಸಲು ಹೊಸ ತಂತ್ರಜ್ಞಾನವೇನೂ ಬೇಕಿಲ್ಲ.

ಸುತ್ತು ಮುಗಿದ ಚೀಲ ಗುಜರಿಗೆ ಹೋಗಿ ಕರಗಿ ಮತ್ತೆ ಪ್ಲಾಸ್ಟಿಕ್ ಕಾಳಾಗಬೇಕಾದರೆ, ಅದರ ಸಿದ್ಧತೆ ಖರೀದಿಯ ದಿನವೇ ಆಗಬೇಕು. ಬಟ್ಟೆ, ಪಟ್ಟಿ, ಹೊಲಿಗೆ ದಾರ ಮೂರೂ ಪಾಲಿಪ್ರೊಪಿಲೀನ್ ಆಗಿರಲಿ. ಪಾಲಿಯೆಸ್ಟರ್ ದಾರ ಬೇಡ. ಪಾಲಿಎಥಿಲೀನ್ ಲೈನರನ್ನು ಅಂಟಿಸದೆ, ಎಳೆದರೆ ಬರುವಂತೆ ಕಟ್ಟಲು ಹೇಳಿ. ಮುದ್ರಣ ಆದಷ್ಟು ಕಡಿಮೆ ಇರಲಿ. ಇನ್ನೊಂದು ಸಂಗತಿ ಕೊಳ್ಳುವವರ ಗಮನಕ್ಕೆ ಬರುವುದೇ ಅಪರೂಪ: ಬೆಲೆ ಇಳಿಸಲು ಕೆಲವರು ಬಟ್ಟೆ ನೇಯುವ ಪ್ಲಾಸ್ಟಿಕ್ ಎಳೆಯಲ್ಲಿ, ಅಂದರೆ ಟೇಪಿನಲ್ಲಿ, ಕ್ಯಾಲ್ಸಿಯಂ ಕಾರ್ಬೊನೇಟ್ (ಸುಣ್ಣಕಲ್ಲಿನ ಪುಡಿ) ಹೆಚ್ಚು ಬೆರೆಸುತ್ತಾರೆ. ಅದರಿಂದ ತೂಕ ಸರಿಹೊಂದುತ್ತದೆ, ಬಲ ಹೊಂದುವುದಿಲ್ಲ. ಮೇಲಾಗಿ, ಶುದ್ಧ ಪಾಲಿಪ್ರೊಪಿಲೀನ್ ನೀರಿಗಿಂತ ಹಗುರವಾಗಿ ತೇಲುವುದರಿಂದಲೇ ಮರುಸಂಸ್ಕರಣೆಯ ನೀರಿನ ತೊಟ್ಟಿಯಲ್ಲಿ ಅದನ್ನು ಮುಳುಗುವ ಬೇರೆ ಪ್ಲಾಸ್ಟಿಕ್ಕಿನಿಂದ ಬಿಡಿಸಲು ಸಾಧ್ಯ. ಸುಣ್ಣಕಲ್ಲಿನ ಪುಡಿ ಅತಿಯಾದರೆ ಅದೂ ಮುಳುಗುತ್ತದೆ. ಖರೀದಿ ಆದೇಶದಲ್ಲಿ ಚದರ ಮೀಟರಿನ ತೂಕದ ಜೊತೆಗೆ ಬಟ್ಟೆಯ ಎಳೆತದ ಬಲ ಮತ್ತು ಸುಟ್ಟಾಗ ಉಳಿಯುವ ಬೂದಿಯ ಶೇಕಡಾವಾರು ಪ್ರಮಾಣವನ್ನೂ (ಬೆರೆಸಿದ ಪುಡಿ ಅದರಲ್ಲಿ ಗೊತ್ತಾಗುತ್ತದೆ) ಬರೆದರೆ ಈ ಚಾಳಿ ನಿಲ್ಲುತ್ತದೆ.

ಮರುಸಂಸ್ಕರಿಸಿದ ಕಾಳಿನಿಂದ ಚೀಲ ಮಾಡುವುದೂ ಸಾಧ್ಯ. ತೆಳುವಾದ ಟೇಪನ್ನು ಎಳೆಯುವಾಗ ಒಂದು ಸಣ್ಣ ಕಸವಿದ್ದರೂ ಅದು ತುಂಡಾಗುತ್ತದೆ, ಆದ್ದರಿಂದ ಚೆನ್ನಾಗಿ ಸೋಸಿದ ಕಾಳು ಬೇಕು. ಮಿಶ್ರಣ ಬದಲಾದಾಗಲೆಲ್ಲ ಇಡೀ ಚೀಲದ ಪರೀಕ್ಷೆ ಮತ್ತೆ ಆಗಬೇಕು. ಆಹಾರಕ್ಕೆ ಹೋಗುವ ಪಿಷ್ಟಕ್ಕೆ ಮಾತ್ರ ಒಳ ಪದರ ಹೊಸ ಪ್ಲಾಸ್ಟಿಕ್ಕಿನದೇ ಇರಲಿ, ಹೊರ ಚೀಲಕ್ಕೂ ಗ್ರಾಹಕರ ಲಿಖಿತ ಒಪ್ಪಿಗೆ ಪಡೆಯಿರಿ. ಆಮ್ಲಜನಕ ತಾಗಿದರೆ ತಾನೇ ಕರಗುತ್ತದೆ ಎಂದು ಹೇಳಿ ಯಾರಾದರೂ ಸೇರ್ಪಡೆ ಮಾರಲು ಬಂದರೆ ದೂರವಿಡಿ; ಅಂಥ ಪ್ಲಾಸ್ಟಿಕ್ ಸಣ್ಣ ಚೂರುಗಳಾಗಿ ಉಳಿಯುತ್ತದೆಂಬ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2021ರ ಜುಲೈಯಿಂದಲೇ ಅದನ್ನು ನಿಷೇಧಿಸಿದೆ.

ಕಾರ್ಮಿಕರ ವಿಷಯಕ್ಕೆ ಬರುತ್ತೇನೆ. ಬಟ್ಟೆಯನ್ನು ಯಂತ್ರ ನೇಯುತ್ತದೆ, ಆದರೆ ಚೀಲವನ್ನು ಹೊಲಿಯುವುದು ಬಹುಪಾಲು ಮನುಷ್ಯರ ಕೈಯೇ. ದಪ್ಪ ಪಟ್ಟಿಯನ್ನು ಸೂಜಿಯ ಕೆಳಗೆ ತಿರುಗಿಸಿ ಹೊಲಿಯುವ ಕೆಲಸ ಬೆರಳು, ಮಣಿಕಟ್ಟು, ಸೊಂಟಗಳನ್ನು ಹಿಂಡುತ್ತದೆ. ಮಗ್ಗಗಳ ವಿಭಾಗದ ಸದ್ದು ಕಿವಿಯನ್ನು ಕೆಡಿಸುತ್ತದೆ. ಕಾರ್ಮಿಕರ ಹಕ್ಕುಗಳ ಬಗೆಗಿನ ಎಸ್‌ಎ 8000 ಪ್ರಮಾಣಪತ್ರವನ್ನೋ, ಪೂರೈಕೆದಾರರ ಮಾಹಿತಿ ಹಂಚಿಕೊಳ್ಳುವ ಸೆಡೆಕ್ಸ್ ಸಂಸ್ಥೆಯ ಸದಸ್ಯರು ಬಳಸುವ ಸ್ಮೆಟಾ ಪರಿಶೀಲನಾ ವರದಿಯನ್ನೋ ಕೇಳುವುದು ಸರಿಯಾದ ಆರಂಭ. ಅಷ್ಟಕ್ಕೇ ನಿಲ್ಲದೆ ಒಮ್ಮೆ ಖುದ್ದಾಗಿ ಹೋಗಿ, ಗುತ್ತಿಗೆ ಕಾರ್ಮಿಕರ ಭವಿಷ್ಯ ನಿಧಿ ಮತ್ತು ಇಎಸ್‌ಐ ಜಮೆಯಾಗುತ್ತಿದೆಯೇ, ಹೆಚ್ಚುವರಿ ಗಂಟೆಗೆ ಕಾನೂನಿನಂತೆ ಎರಡು ಪಟ್ಟು ಕೂಲಿ ಸಿಗುತ್ತಿದೆಯೇ, ಹಾಜರಿ ಪುಸ್ತಕಕ್ಕೂ ಉತ್ಪಾದನಾ ದಾಖಲೆಗೂ ತಾಳೆಯಿದೆಯೇ ಎಂದು ನೋಡಿ. ತಾಳೆಯಾಗದಿದ್ದರೆ, ಬರೆಯದೆ ಬಿಟ್ಟ ರಾತ್ರಿಯ ದುಡಿಮೆ ಎಲ್ಲೋ ಇದೆ ಎಂದೇ ಶಂಕಿಸಬೇಕು.

ಆ ರಾತ್ರಿಯ ದುಡಿಮೆಗೆ ಅನೇಕ ವೇಳೆ ಕೊಳ್ಳುವವರೇ ಕಾರಣ. ಆದೇಶವನ್ನು ಕೊನೆಯ ವಾರದಲ್ಲಿ ಕೊಟ್ಟು, ವಿನ್ಯಾಸವನ್ನು ನಡುವೆ ಬದಲಿಸಿ, ಹಣವನ್ನು ತಿಂಗಳುಗಟ್ಟಲೆ ತಡೆಹಿಡಿದರೆ ಅದರ ಭಾರ ಹೊಲಿಗೆ ಯಂತ್ರದ ಮುಂದೆ ಕುಳಿತವರ ಮೇಲೆ ಬೀಳುತ್ತದೆ. ಮೂರು ತಿಂಗಳ ಅಂದಾಜನ್ನು ಮುಂಚಿತವಾಗಿ ಕೊಡಿ, ಹಣವನ್ನು ಹೇಳಿದ ದಿನಕ್ಕೆ ಪಾವತಿಸಿ.

ಗ್ರಾಹಕರಿಗೆ ಉತ್ತರಿಸುವಾಗ ಈ ಹಿನ್ನೆಲೆ ನೆನಪಿರಲಿ. ಯುರೋಪಿನ ಹೊಸ ಪ್ಯಾಕೇಜಿಂಗ್ ನಿಯಮಾವಳಿ 2026ರ ಆಗಸ್ಟ್ 12ರಿಂದ ಅನ್ವಯವಾಗುತ್ತದೆ. 2030ರ ವೇಳೆಗೆ ಮರುಸಂಸ್ಕರಿತ ಅಂಶದ ಕನಿಷ್ಠ ಪ್ರಮಾಣ ಸಾಮಾನ್ಯ ಪ್ಲಾಸ್ಟಿಕ್ ಪ್ಯಾಕೇಜಿಂಗಿಗೆ ಶೇ 35, ಆಹಾರಕ್ಕೆ ತಾಗುವ, ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್) ಅಲ್ಲದ ಪ್ಲಾಸ್ಟಿಕ್ಕಿಗೆ ಶೇ 10. ನಮ್ಮಲ್ಲೂ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳ 2022ರ ತಿದ್ದುಪಡಿಯಂತೆ ಮೆದು ಪ್ಲಾಸ್ಟಿಕ್ ವರ್ಗಕ್ಕೆ ಮರುಸಂಸ್ಕರಿತ ಅಂಶದ ಗುರಿ 2025-26ರಿಂದ ಶೇ 10ರಷ್ಟು, 2028-29ಕ್ಕೆ ಶೇ 20ರಷ್ಟು ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲಿನಲ್ಲಿ ನಿಮ್ಮ ಘಟಕಕ್ಕೆ ಯಾವ ಬಾಧ್ಯತೆ ಬರುತ್ತದೆಂದು ಈಗಲೇ ನೋಡಿಕೊಳ್ಳಿ. ಪರಿಸರಸ್ನೇಹಿ ಎಂಬ ಬರಿಯ ಪದವನ್ನು ಪತ್ರದಲ್ಲಿ ಬರೆಯುವ ಬದಲು ಚೀಲದ ತೂಕ, ಮರುಸಂಸ್ಕರಿತ ಅಂಶದ ಪ್ರಮಾಣಪತ್ರ, ಭಾರ ಪರೀಕ್ಷೆಯ ವರದಿ, ದೇಶದೊಳಗಿನ ಮರುಬಳಕೆಯ ದಾಖಲೆ ಮತ್ತು ಕಾರ್ಮಿಕ ಪರಿಶೀಲನೆಯ ವರದಿಯನ್ನು ಲಗತ್ತಿಸಿ ಕಳುಹಿಸಿ.