ಜರ್ಮನಿಯಲ್ಲಿ ಮೊದಲ ಬಾಡಿಗೆ ಮನೆ: ದಯವಿಟ್ಟು ಅವಸರ ಮಾಡಬೇಡಿ

ನೀವು ಬರೆದದ್ದನ್ನು ಎರಡು ಸಲ ಓದಿದೆ. ಕೆಲಸಕ್ಕೆಂದು ಬಂದು ಎರಡು ತಿಂಗಳಾಗಿದೆ, ಕಂಪನಿ ಕೊಟ್ಟ ರೂಮನ್ನು ಈ ತಿಂಗಳ ಕೊನೆಗೆ ಬಿಡಬೇಕು, ಇದುವರೆಗೆ ಒಬ್ಬರೇ ಮನೆ ಮಾಡಿದವರಲ್ಲ, ನಲವತ್ತು ಮನೆಗೆ ಅರ್ಜಿ ಹಾಕಿದರೂ ಉತ್ತರವಿಲ್ಲ. ಈಗ ಒಬ್ಬರು ‘ನಾನು ಬೇರೆ ದೇಶದಲ್ಲಿದ್ದೇನೆ, ಡೆಪಾಸಿಟ್ ಹಾಕಿ, ಕೀ ಪೋಸ್ಟಲ್ಲಿ ಬರುತ್ತದೆ’ ಅನ್ನುತ್ತಿದ್ದಾರೆ, ಕಳಿಸಲಾ ಅಂತ ಕೇಳಿದ್ದೀರಿ.

ಕಳಿಸಬೇಡಿ. ಒಂದು ಯೂರೋನೂ ಬೇಡ, ಪಾಸ್‌ಪೋರ್ಟ್ ಕಾಪಿಯೂ ಬೇಡ. ಇದು ಇಲ್ಲಿ ಹೊಸಬರಿಗೆ ಹಾಕುವ ಹಳೇ ಗಾಳ. ಚೆಂದದ ಫೋಟೋ, ಆ ಏರಿಯಾಗೆ ಹೋಲಿಸಿದರೆ ಕಡಿಮೆ ಬಾಡಿಗೆ, ಮಾಲೀಕರು ಮಾತ್ರ ಯಾವಾಗಲೂ ದೂರದಲ್ಲಿ. ಮನೆ ಕಣ್ಣಾರೆ ನೋಡಿ, ಕರಾರಿಗೆ ಸಹಿ ಬಿದ್ದ ಮೇಲೆ ದುಡ್ಡಿನ ಮಾತು. ಅದೂ ಡೆಪಾಸಿಟ್ ಕಾಲ್ಟ್‌ಮೀಟೆಯ, ಅಂದರೆ ಹೀಟಿಂಗ್, ನೀರಿನ ಖರ್ಚು ಸೇರದ ಬರೀ ಮನೆ ಬಾಡಿಗೆಯ, ಮೂರು ಪಟ್ಟಿಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಮೂರು ತಿಂಗಳ ಕಂತಿನಲ್ಲಿ ಕಟ್ಟುವ ಹಕ್ಕು ನಿಮಗಿದೆ, ಮೊದಲ ಕಂತು ಬಾಡಿಗೆ ಶುರುವಾಗುವಾಗ ಕೊಟ್ಟರೆ ಸಾಕು. ಮನೆ ತೋರಿಸಲು ಬಂದ ಏಜೆಂಟ್ ಕಮಿಷನ್ ಕೇಳಿದರೆ, ಅವರನ್ನು ಗೊತ್ತು ಮಾಡಿದವರು ಯಾರು ಅಂತ ವಿಚಾರಿಸಿ. 2015ರ ಜೂನ್‌ನಿಂದ ಇಲ್ಲಿ ಗೊತ್ತು ಮಾಡಿದವರೇ ಫೀಸು ಕೊಡಬೇಕು.

ನಿಮ್ಮ ನಿಜವಾದ ತೊಂದರೆ ಮನೆ ಸಿಗದಿರುವುದಲ್ಲ, ತಿಂಗಳ ಕೊನೆ ಅನ್ನುವ ಗಡುವು. ಅದನ್ನು ಮೊದಲು ಮುಂದೆ ಹಾಕಿ. ಕಂಪನಿಯವರ ಹತ್ತಿರ ಇನ್ನೊಂದು ತಿಂಗಳು ಕೇಳಿ, ಆಗದಿದ್ದರೆ ಎರಡು ಮೂರು ತಿಂಗಳಿಗೆ ಸಿಗುವ ತಾತ್ಕಾಲಿಕ ರೂಮು ಹಿಡಿಯಿರಿ, ಇದಕ್ಕೆ ಇಲ್ಲಿ ತ್ಸ್ವಿಶನ್‌ಮೀಟೆ ಅನ್ನುತ್ತಾರೆ. ಅಲ್ಲಿ ಆನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ, ಮಾಡಿಸಬಹುದಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ. ಹೊಸ ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಒಂದು ಪತ್ರ ಬೇಕು. ಆ ಪತ್ರ ಕೊಡಲ್ಲ ಅನ್ನುವವರ ರೂಮು ಎಷ್ಟೇ ಅಗ್ಗವಾಗಿದ್ದರೂ ಬೇಡ.

ಅರ್ಜಿಗೆ ಉತ್ತರ ಬರದಿರುವುದಕ್ಕೆ ಬೇಜಾರಾಗಬೇಡಿ, ದೊಡ್ಡ ಊರುಗಳಲ್ಲಿ ಒಂದು ಮನೆಗೆ ನೂರಾರು ಜನ ಬರೆಯುತ್ತಾರೆ. ಕೆಲಸದ ಕರಾರು, ಸಿಕ್ಕಿರುವ ಸಂಬಳದ ಚೀಟಿಗಳು, ಸಾಲ, ಬಿಲ್ಲು ಸರಿಯಾಗಿ ಕಟ್ಟಿದ್ದೀರಾ ಅಂತ ತೋರಿಸುವ ಶೂಫಾ ವರದಿ, ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಹೊಸಬರ ಶೂಫಾದಲ್ಲಿ ಹೆಚ್ಚೇನೂ ಇರುವುದಿಲ್ಲ, ಹಾಗಾಗಿ ಕರಾರೇ ನಿಮ್ಮ ಬಲ. ಪರಿಚಯದ ನಾಲ್ಕು ಸಾಲು ಜರ್ಮನ್‌ನಲ್ಲೇ ಇರಲಿ.

ಬಾಡಿಗೆ ಲೆಕ್ಕದಲ್ಲಿ ಕಾಲ್ಟ್ ಅಂದರೆ ಬರೀ ಮನೆ. ವಾರ್ಮ್ ಅಂದರೆ ಸಾಮಾನ್ಯವಾಗಿ ಹೀಟಿಂಗ್, ನೀರು, ಕಸದ ಖರ್ಚು ಸೇರಿ. ಕರೆಂಟು, ಇಂಟರ್‌ನೆಟ್ ಬಹುಪಾಲು ಬೇರೆ. ಟಿವಿ ಇಲ್ಲದಿದ್ದರೂ ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಬರುತ್ತದೆ. ಅಡುಗೆಮನೆಯನ್ನೂ ನೋಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಸಿಂಕ್ ಕೂಡ ಇರುವುದಿಲ್ಲ, ಗೋಡೆಯಿಂದ ಎರಡು ಪೈಪು ಹೊರಬಂದಿರುತ್ತವೆ ಅಷ್ಟೆ, ಸೂರಿನಲ್ಲಿ ಬಲ್ಬಿನ ಜಾಗದಲ್ಲಿ ವೈರು ನೇತಾಡುತ್ತಿರುತ್ತದೆ. ಆ ಖರ್ಚು ಮೊದಲ ತಿಂಗಳೇ ಮೈಮೇಲೆ ಬರುತ್ತದೆ.

ಸಹಿ ಹಾಕುವ ಮೊದಲು ಒಂದು ಸಾಲನ್ನು ಹುಡುಕಿ ಓದಿ: ಇಷ್ಟು ವರ್ಷ ಮನೆ ಬಿಡುವಂತಿಲ್ಲ ಅಂತ ಬರೆದಿದ್ದಾರಾ? ಹಾಗೆ ಇಲ್ಲದಿದ್ದರೆ ಮೂರು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು, ನೋಟಿಸ್ ಕಾಗದದಲ್ಲಿ ಸಹಿ ಹಾಕಿಯೇ ಕೊಡಬೇಕು, ಇಮೇಲ್ ನಡೆಯುವುದಿಲ್ಲ. ಈಗಿನ್ನೂ ಕೆಲಸ ಶುರು ಮಾಡಿರುವ ನಿಮ್ಮನ್ನು ಎರಡು ವರ್ಷ ಕಟ್ಟಿಹಾಕುವ ಕರಾರು ನನಗಂತೂ ಸರಿ ಕಾಣುವುದಿಲ್ಲ.

ಇನ್ನು ಕೀ ಕೊಡುವ ದಿನ. ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕಂದರೆ ನನಗೆ ಪೆಟ್ಟು ಬಿದ್ದದ್ದು ಇಲ್ಲೇ. ನನ್ನ ಮೊದಲ ಮನೆಯಲ್ಲಿ ಮಾಲೀಕರು ಮುಂದೆ ಮುಂದೆ ನಡೆದರು, ನಾನು ಖುಷಿಯಲ್ಲಿ ಹಿಂದೆ ಹಿಂದೆ ನಡೆದೆ, ಹತ್ತು ನಿಮಿಷದಲ್ಲಿ ಊಬರ್‌ಗಾಬೆ ಪ್ರೊಟೊಕೋಲ್‌ಗೆ, ಅಂದರೆ ಮನೆ ಯಾವ ಸ್ಥಿತಿಯಲ್ಲಿದೆ ಅಂತ ಬರೆದಿಡುವ ಕಾಗದಕ್ಕೆ, ಸಹಿ ಹಾಕಿದೆ. ಬಾತ್‌ರೂಮಿನ ಬೇಸಿನ್‌ನಲ್ಲಿ ನಲ್ಲಿಯ ಬುಡದಿಂದ ಕೂದಲೆಳೆಯಷ್ಟು ಬಿರುಕು ಇತ್ತು. ಒಣಗಿದ್ದಾಗ ಕಾಣಲ್ಲ, ನೀರು ಬಿದ್ದು ಬಟ್ಟೆಯಲ್ಲಿ ಒರೆಸಿದಾಗ ಕಪ್ಪು ಗೆರೆ ಎದ್ದು ಕಾಣುತ್ತದೆ. ಮೂರನೇ ದಿನ ನೋಡಿದೆ, ಬರೆದು ತಿಳಿಸಲಿಲ್ಲ. ಎರಡು ವರ್ಷದ ನಂತರ ಮನೆ ಬಿಡುವಾಗ ಅದು ನನ್ನ ಲೆಕ್ಕಕ್ಕೆ ಬಂತು, ಡೆಪಾಸಿಟ್‌ನಲ್ಲಿ 240 ಯೂರೋ ಮುರಿದುಕೊಂಡರು. ಮೊದಲೇ ಇತ್ತು ಅಂತ ಹೇಳಿದೆ, ತೋರಿಸಲು ಕಾಗದ ಇರಲಿಲ್ಲ.

ಅದಕ್ಕೇ ಹೇಳುವುದು, ಬೆಳಕಿರುವಾಗ ಹೋಗಿ. ಎಲ್ಲ ನಲ್ಲಿ ತಿರುಗಿಸಿ, ಎಲ್ಲ ಕಿಟಕಿ ತೆರೆದು ಮುಚ್ಚಿ ನೋಡಿ, ನೆಲದ ಗೀರು, ಗೋಡೆಯ ತೂತು, ಮೀಟರಿನ ಅಂಕಿ, ಎಷ್ಟು ಕೀ ಕೊಟ್ಟರು, ಎಲ್ಲ ಬರೆಸಿ, ಫೋಟೋ ತೆಗೆಯಿರಿ. ಮಾಲೀಕರು ಗಡಿಯಾರ ನೋಡಿಕೊಂಡರೂ ಸಂಕೋಚ ಬೇಡ.

ಕೀ ಕಳೆದರೆ ಕೆಲವು ಕಟ್ಟಡಗಳಲ್ಲಿ ಎಲ್ಲ ಬೀಗವೂ ಬದಲಾಯಿಸಬೇಕಾಗಿ ಬರುತ್ತದೆ, ಕೀ ಕಳೆದದ್ದಕ್ಕೂ ಕೊಡುವ ಹಾಫ್ಟ್‌ಫ್ಲಿಕ್ಟ್ ಇನ್ಶೂರೆನ್ಸ್ (ನಮ್ಮಿಂದ ಬೇರೆಯವರಿಗಾದ ನಷ್ಟ ತುಂಬಿಕೊಡುವ ವಿಮೆ) ಮಾಡಿಸಿ. ಚಳಿಗಾಲದಲ್ಲಿ ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿ ಪೂರ್ತಿ ತೆಗೆದಿಡಿ, ಬೀರುವನ್ನು ಹೊರಗೋಡೆಗೆ ಒತ್ತಿ ಇಡಬೇಡಿ. ಇಲ್ಲದಿದ್ದರೆ ಹಿಂದೆ ಬೂಷ್ಟು ಹಿಡಿಯುತ್ತದೆ, ನೀವೇ ಗಾಳಿ ಆಡಿಸಲಿಲ್ಲ ಅಂತ ದೂರು ಬರುತ್ತದೆ.

ಸೋಮವಾರವೇ ಕಂಪನಿಯಲ್ಲಿ ರೂಮಿನ ವಿಷಯ ಮಾತಾಡಿ. ಡೆಪಾಸಿಟ್ ಕೇಳಿದವರಿಗೆ ಉತ್ತರವನ್ನೇ ಬರೆಯಬೇಡಿ. ಯಾವುದಾದರೂ ಕರಾರು ಕೈಗೆ ಬಂದರೆ ಸಹಿಗೆ ಮೊದಲು ಹೆಸರು, ವಿಳಾಸ ಮುಚ್ಚಿ ನನಗೆ ಕಳಿಸಿ, ಕೂತು ಓದಿ ಹೇಳುತ್ತೇನೆ.