ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾರಿಲ್ಲದೆ ಅಮೆರಿಕದಲ್ಲಿ ಮ್ಯಾಚ್ ನೋಡೋದು ಹೇಗೆ?

ಹೋದ ಸಲ ಈ ಅಂಕಣದಲ್ಲಿ, ಅಮೆರಿಕದಲ್ಲಿ ಕಾರಿಲ್ಲದೆಯೂ ಒಂದಷ್ಟು ಊರು ಸುತ್ತಬಹುದು ಅಂತ ಒಂದು ಸಾಲು ಬರೆದುಬಿಟ್ಟೆ. ಅದಕ್ಕೆ ಬಂದ ಪತ್ರಗಳಲ್ಲಿ ಜಾಸ್ತಿ ಇರೋದು ಆಟದ ಹುಚ್ಚಿನವರದ್ದೇ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ.

ಪ್ರಶ್ನೆ: ಜೂನ್‌ನಲ್ಲಿ ಫಿಲಡೆಲ್ಫಿಯಾದಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಅಲ್ಲಿಂದ ನಾನು, ನನ್ನ ತಮ್ಮ ಇಬ್ಬರೇ 12 ದಿನ ಊರೂರು ತಿರುಗಿ ಮ್ಯಾಚ್ ನೋಡಬೇಕು ಅಂತ ಆಸೆ. ಬಾಸ್ಟನ್, ನ್ಯೂಯಾರ್ಕ್, ವಾಷಿಂಗ್ಟನ್, ಶಿಕಾಗೊ, ಡಲ್ಲಾಸ್, ಲಾಸ್ ಏಂಜಲೀಸ್ ಅಂತ ಪಟ್ಟಿ ಮಾಡಿದ್ದೇವೆ. ಅಲ್ಲಿ ಕಾರು ಓಡಿಸುವ ಧೈರ್ಯ ಇಬ್ಬರಿಗೂ ಇಲ್ಲ. ಬೇಸ್‌ಬಾಲ್, ಬಾಸ್ಕೆಟ್‌ಬಾಲ್ ಎರಡೂ ಸಿಗುತ್ತದಾ? ಮಗಳು ಮಾತ್ರ "ಕಾರಿಲ್ಲದೆ ಆಗೋ ಮಾತೇ ಅಲ್ಲ ಅಪ್ಪ" ಅಂತಿದ್ದಾಳೆ.
— ಹುಬ್ಬಳ್ಳಿಯ ಓದುಗರು

ಉತ್ತರ: ಮಗಳು ಹೇಳಿದ್ದು ಅರ್ಧ ನಿಜ ಸರ್. ಆ ಆರೂ ಊರನ್ನು 12 ದಿನದಲ್ಲಿ ಮುಗಿಸುತ್ತೇವೆ ಅಂತ ಹೊರಟರೆ ಮ್ಯಾಚ್‌ಗಿಂತ ಏರ್‌ಪೋರ್ಟನ್ನೇ ಜಾಸ್ತಿ ನೋಡಿಕೊಂಡು ಬರುತ್ತೀರಿ. ರೈಲಲ್ಲೇ ಹೋಗೋಣ ಅಂದರೆ ಶಿಕಾಗೊದಿಂದ ಲಾಸ್ ಏಂಜಲೀಸ್‌ಗೆ 40 ಗಂಟೆಗೂ ಮೇಲೆ ಹಿಡಿಯುತ್ತದೆ. ಪಟ್ಟಿಯಲ್ಲಿ ಕೊನೆಯ ಮೂರು ಊರಿಗೆ ಗೀಟು ಹಾಕಿ. ಅದರ ಬದಲು ಬಾಲ್ಟಿಮೋರ್ ಸೇರಿಸಿ. ಈಗ ನೋಡಿ: ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಲ್ಟಿಮೋರ್, ವಾಷಿಂಗ್ಟನ್. ಐದೂ ಒಂದೇ ಹಳಿಯ ಮೇಲಿವೆ. ಈ ತುದಿಯಿಂದ ಆ ತುದಿಗೆ ಸುಮಾರು 735 ಕಿ.ಮೀ. ಆ್ಯಮ್‌ಟ್ರ್ಯಾಕ್ ರೈಲು ದಿನಕ್ಕೆ ಬೇಕಾದಷ್ಟು ಓಡುತ್ತವೆ. ನಿಮ್ಮ ಅದೃಷ್ಟಕ್ಕೆ ಮಗಳ ಮನೆ ನಡುಮಧ್ಯದಲ್ಲೇ ಇದೆ, ಸೂಟ್‌ಕೇಸ್ ಅಲ್ಲೇ ಬಿಟ್ಟು ಒಂದು ಸಣ್ಣ ಬ್ಯಾಗ್ ಹಿಡಿದು ಎರಡು ಕಡೆಗೂ ಹೋಗಿ ಬರಬಹುದು. ಇಂಥ ಅನುಕೂಲ ಎಲ್ಲರಿಗೂ ಸಿಗೋದಿಲ್ಲ.

ಮೊದಲ ಕೆಲಸ ರೈಲು ಬುಕ್ ಮಾಡೋದಲ್ಲ, ಹೋಟೆಲ್ ಅಂತೂ ಅಲ್ಲವೇ ಅಲ್ಲ. ಮೊದಲು ಆ ದಿನಗಳಲ್ಲಿ ಯಾವ ತಂಡ ಊರಲ್ಲಿದೆ ಅಂತ ನೋಡಿ. ಬೇಸ್‌ಬಾಲ್‌ನಲ್ಲಿ ಒಂದು ತಂಡ ವರ್ಷಕ್ಕೆ 162 ಮ್ಯಾಚ್ ಆಡುತ್ತದೆ, ಅದರಲ್ಲಿ 81 ತನ್ನೂರಲ್ಲಿ. ಕೇಳೋಕೆ ದಿನಾ ಮ್ಯಾಚ್ ಇದ್ದ ಹಾಗೇ. ಆದರೆ ಒಂದೇ ಎದುರಾಳಿ ಜೊತೆ ಮೂರು ನಾಲ್ಕು ದಿನ ಆಡಿ, ಇನ್ನೊಬ್ಬರ ಜೊತೆ ಇನ್ನೊಂದು ಮೂರು ದಿನ ಆಡಿ, ಆಮೇಲೆ ಗಂಟುಮೂಟೆ ಕಟ್ಟಿಕೊಂಡು ಒಂದು ವಾರ ಹತ್ತು ದಿನ ಪರಊರಿಗೆ ಹೊರಟುಬಿಡುತ್ತಾರೆ, ಆಗ ನೀವು ಹೋದರೆ ಬೀಗ ಹಾಕಿದ ಗೇಟು ನೋಡಿಕೊಂಡು ಬರಬೇಕು. ಒಂದು ಹಾಳೆಯಲ್ಲಿ 12 ದಿನ ಅಡ್ಡಕ್ಕೆ, ಆರು ತಂಡ ಉದ್ದಕ್ಕೆ ಬರೆದು (ನ್ಯೂಯಾರ್ಕಿನಲ್ಲಿ ಯಾಂಕೀಸ್, ಮೆಟ್ಸ್ ಅಂತ ಎರಡು ತಂಡ) ಊರಲ್ಲಿರುವ ದಿನಗಳಿಗೆ ಟಿಕ್ ಹಾಕಿ. ಯಾವ ದಿಕ್ಕಿಗೆ ಮೊದಲು ಹೋಗಬೇಕು ಅನ್ನೋದು ಆ ಹಾಳೆ ನೋಡಿದರೆ ತಾನಾಗೇ ಗೊತ್ತಾಗುತ್ತದೆ.

ಬಾಸ್ಟನ್ನಿನ ಫೆನ್‌ವೇ ಪಾರ್ಕ್ 1912ರದ್ದು. ಎಡಗಡೆ 37 ಅಡಿ ಎತ್ತರದ ಹಸಿರು ಗೋಡೆ ಇದೆ, ಅದನ್ನು ನೋಡೋಕೇ ಜನ ಹೋಗುತ್ತಾರೆ. ಸೌತ್ ಸ್ಟೇಷನ್ನಿನಲ್ಲಿ ಇಳಿದು ರೆಡ್ ಲೈನ್‌ನಲ್ಲಿ ಪಾರ್ಕ್ ಸ್ಟ್ರೀಟ್‌ವರೆಗೆ, ಅಲ್ಲಿಂದ ಗ್ರೀನ್ ಲೈನ್‌ನ ಬಿ, ಸಿ, ಡಿ ಯಾವುದಾದರೂ ಹತ್ತಿ ಕೆನ್‌ಮೋರ್‌ನಲ್ಲಿ ಇಳಿಯಿರಿ. ಫೆನ್‌ವೇ ಅಂತಲೇ ಒಂದು ನಿಲ್ದಾಣ ಇದೆ, ಅಲ್ಲಿ ಇಳಿಯಬೇಡಿ. ನಾನು ಇಳಿದಿದ್ದೆ. ಹೆಸರು ನೋಡಿ ಖುಷಿಯಾಗಿ ಇಳಿದವನು ಆಮೇಲೆ ಕಾಲು ಗಂಟೆ ನಡೆದೆ, ಅದೂ ಎಲ್ಲರೂ ಯಾಕೆ ಬೇರೆ ಕಡೆಯಿಂದ ಬರುತ್ತಿದ್ದಾರೆ ಅಂತ ಯೋಚನೆ ಮಾಡಿಕೊಂಡು.

ನ್ಯೂಯಾರ್ಕಿನಲ್ಲಿ ಸ್ಟೇಡಿಯಂಗೆ ಹೋಗೋಕೆ ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ ಒಂದನ್ನು ನೆನಪಿಟ್ಟುಕೊಳ್ಳಿ, ಸಾಕು. ಅಲ್ಲಿಂದ 4ನೇ ನಂಬರ್ ಸಬ್‌ವೇ ಉತ್ತರಕ್ಕೆ ಹೋದರೆ 161ನೇ ಸ್ಟ್ರೀಟ್, ಎದುರಿಗೇ ಯಾಂಕೀ ಸ್ಟೇಡಿಯಂ. ಅಲ್ಲಿಂದಲೇ 7ನೇ ನಂಬರ್ ಪೂರ್ವಕ್ಕೆ ಹೋದರೆ ಮೆಟ್ಸ್ ಆಡುವ ಸಿಟಿ ಫೀಲ್ಡ್. ಫಿಲಡೆಲ್ಫಿಯಾ ಇನ್ನೂ ಸಲೀಸು. ಬ್ರಾಡ್ ಸ್ಟ್ರೀಟ್ ಲೈನ್ ಹತ್ತಿ ದಕ್ಷಿಣದ ಕೊನೆ ನಿಲ್ದಾಣದಲ್ಲಿ ಇಳಿದರೆ ಬೇಸ್‌ಬಾಲ್ ಸ್ಟೇಡಿಯಂ, ಅಮೆರಿಕನ್ ಫುಟ್‌ಬಾಲ್ ಸ್ಟೇಡಿಯಂ, ಬಾಸ್ಕೆಟ್‌ಬಾಲ್ ಮತ್ತು ಐಸ್ ಹಾಕಿ ಆಡುವ ಒಳಾಂಗಣ, ಮೂರೂ ಅಕ್ಕಪಕ್ಕ. ವಾಷಿಂಗ್ಟನ್ನಿನಲ್ಲಿ ಯೂನಿಯನ್ ಸ್ಟೇಷನ್‌ನಿಂದ ರೆಡ್ ಲೈನ್, ಗ್ಯಾಲರಿ ಪ್ಲೇಸ್‌ನಲ್ಲಿ ಗ್ರೀನ್ ಲೈನ್‌ಗೆ ಬದಲು, ನೇವಿ ಯಾರ್ಡ್‌ನಲ್ಲಿ ಇಳಿಯೋದು. ಅಷ್ಟೇ.

ಈ ಐದರಲ್ಲಿ ನನ್ನ ಮೆಚ್ಚಿನದ್ದು ಬಾಲ್ಟಿಮೋರಿನ ಕ್ಯಾಮ್ಡೆನ್ ಯಾರ್ಡ್ಸ್. 1992ರಲ್ಲಿ ಹಳೇ ರೈಲ್ವೆ ಗೋದಾಮಿನ ಪಕ್ಕದಲ್ಲೇ ಕಟ್ಟಿದರು, ಆ ಕೆಂಪು ಇಟ್ಟಿಗೆ ಕಟ್ಟಡವನ್ನು ಕೆಡವದೆ ಹಾಗೇ ಉಳಿಸಿಕೊಂಡರು. ಊರಾಚೆ ಕಾರ್ ಪಾರ್ಕಿಂಗ್ ನಡುವೆ ಸಿಮೆಂಟ್ ಬಟ್ಟಲಿನ ಥರ ಸ್ಟೇಡಿಯಂ ಕಟ್ಟುತ್ತಿದ್ದ ಕಾಲ ಅದು. ಇದನ್ನು ನೋಡಿದ ಮೇಲೆ ಎಷ್ಟೋ ಊರಿನವರು ಸ್ಟೇಡಿಯಂ ಅನ್ನು ಮತ್ತೆ ಪೇಟೆ ನಡುವೆ ತಂದರು. ಇವತ್ತು ನಮ್ಮಂಥ ಕಾರಿಲ್ಲದವರು ಅಮೆರಿಕದಲ್ಲಿ ಆಟ ನೋಡೋಕೆ ಆಗುತ್ತಿದೆ ಅಂದರೆ ಅದರಲ್ಲಿ ಈ ಸ್ಟೇಡಿಯಂ ಪಾಲೂ ಇದೆ. ಆ್ಯಮ್‌ಟ್ರ್ಯಾಕ್ ನಿಲ್ಲುವ ಪೆನ್ ಸ್ಟೇಷನ್‌ನಿಂದ ಸುಮಾರು 3 ಕಿ.ಮೀ. ದೂರ. ಗೊತ್ತಾಗದಿದ್ದರೆ ಊಬರ್ ಹಿಡಿಯಿರಿ, ಇಷ್ಟು ದೂರಕ್ಕೆ ಜಿಪುಣತನ ಬೇಡ. ಒಂದು ಎಚ್ಚರ: ಸ್ಟೇಡಿಯಂ ಪಕ್ಕದಿಂದಲೇ ವಾಷಿಂಗ್ಟನ್ನಿಗೆ ಮಾರ್ಕ್ ಅನ್ನುವ ಲೋಕಲ್ ರೈಲು ಇದೆ, ಆದರೆ ಆ ಕ್ಯಾಮ್ಡೆನ್ ಲೈನ್ ಶನಿವಾರ ಭಾನುವಾರ ಓಡೋದೇ ಇಲ್ಲ. ರಾತ್ರಿ ಮ್ಯಾಚ್ ಇದ್ದರೆ ಅಲ್ಲೇ ಉಳಿದುಬಿಡಿ.

ಇನ್ನು ಬಾಸ್ಕೆಟ್‌ಬಾಲ್. ಎನ್‌ಬಿಎ ಲೀಗ್ ಏಪ್ರಿಲ್‌ಗೇ ಮುಗಿಯುತ್ತದೆ, ಜೂನ್‌ನಲ್ಲಿ ಫೈನಲ್ ಮಾತ್ರ. ಆ ಟಿಕೆಟ್ ರೇಟು ನೋಡಿದರೆ ಧಾರವಾಡದಲ್ಲಿ ಸೈಟು ವಿಚಾರಿಸೋಣ ಅನಿಸುತ್ತದೆ. ಆದರೆ ಬೇಸಿಗೆಯಲ್ಲಿ ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎ ನಡೆಯುತ್ತದೆ. 2024ರಲ್ಲಿ ಗೆದ್ದ ನ್ಯೂಯಾರ್ಕ್ ಲಿಬರ್ಟಿ ತಂಡ ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್‌ನಲ್ಲಿ ಆಡುತ್ತದೆ, ಸಬ್‌ವೇ ಮೆಟ್ಟಿಲು ಹತ್ತಿದರೆ ಬಾಗಿಲ ಮುಂದೇ ಇರುತ್ತೀರಿ. ಒಳ್ಳೇ ಆಟ, ಒಳ್ಳೇ ಗದ್ದಲ. ಸುಮ್ನೆ ಬಿಡಬೇಡಿ.

ರೈಲು ಟಿಕೆಟ್ ಬೇಗ ತೆಗೆದರೆ ಅಗ್ಗ, ತಡ ಮಾಡಿದಷ್ಟೂ ಏರುತ್ತದೆ. ಅಸೆಲಾ ವೇಗದ ರೈಲು, ದುಬಾರಿ. ನಿಮಗೆ ನಾರ್ತ್ಈಸ್ಟ್ ರೀಜನಲ್ ಸಾಕು, ಫಿಲಡೆಲ್ಫಿಯಾ–ನ್ಯೂಯಾರ್ಕ್ ಒಂದೂವರೆ ಗಂಟೆ, ನ್ಯೂಯಾರ್ಕ್–ಬಾಸ್ಟನ್ ನಾಲ್ಕು ಗಂಟೆ ಚಿಲ್ಲರೆ. ನ್ಯೂಯಾರ್ಕಿನಲ್ಲಿ ಆ್ಯಮ್‌ಟ್ರ್ಯಾಕ್ ನಿಲ್ಲುವ ಸ್ಟೇಷನ್ನಿನಲ್ಲಿ (ಅದರ ಹೆಸರೂ ಪೆನ್ ಸ್ಟೇಷನ್ನೇ) ಪ್ಲಾಟ್‌ಫಾರಂ ನಂಬರ್ ಹಾಕೋದು ರೈಲು ಹೊರಡೋಕೆ ಹತ್ತು ಹದಿನೈದು ನಿಮಿಷ ಇದ್ದಾಗ. ಅಲ್ಲಿಯವರೆಗೆ ನೂರಾರು ಜನ ಕತ್ತು ಎತ್ತಿ ಬೋರ್ಡ್ ನೋಡುತ್ತಾ ನಿಂತಿರುತ್ತಾರೆ, ನಂಬರ್ ಬಿದ್ದ ತಕ್ಷಣ ನಮ್ಮ ಮೆಜೆಸ್ಟಿಕ್ ನೆನಪಾಗುತ್ತದೆ. ಗಾಬರಿ ಆಗಬೇಡಿ.

ಪ್ರಶ್ನೆ: ಸ್ಟೇಡಿಯಂ ಒಳಗೆ ಬ್ಯಾಗ್ ಬಿಡೋದಿಲ್ಲ ಅಂತಾರಲ್ಲ, ಊರಿಂದ ಊರಿಗೆ ಹೋಗೋವಾಗ ಲಗೇಜ್ ಏನು ಮಾಡೋದು?
— ಶಿವಮೊಗ್ಗದ ಓದುಗರು

ಉತ್ತರ: ಈ ಪ್ರಶ್ನೆ ಎಲ್ಲರೂ ಕೇಳಬೇಕಿತ್ತು, ಒಬ್ಬರೇ ಕೇಳಿದ್ದೀರಿ. ಒಂದು ಸಲ ರೈಲು ಇಳಿದು ನೇರ ಒಂದು ಸ್ಟೇಡಿಯಂಗೆ ಹೋದೆ, ಬೆನ್ನಿಗೆ ಬ್ಯಾಗ್, ಅದರಲ್ಲಿ ಎರಡು ಜೊತೆ ಬಟ್ಟೆ, ಅಕ್ಕ ಕಟ್ಟಿಕೊಟ್ಟ ನಿಪ್ಪಟ್ಟು. ಗೇಟಿನಲ್ಲಿದ್ದ ಹುಡುಗಿ ಒಂದು ಮರದ ಚೌಕಟ್ಟು ತೋರಿಸಿ, ಇದರೊಳಗೆ ತೂರಿದರೆ ಬಿಡುತ್ತೇನೆ ಅಂದಳು. ಬಟ್ಟೆ ತೆಗೆದು ಮೈಮೇಲೆ ಹಾಕಿಕೊಂಡೆ. ಆದರೂ ತೂರಲಿಲ್ಲ. ತೂರಿದ್ದರೂ ಬೆನ್ನಿಗೆ ಹಾಕೋ ಬ್ಯಾಗಿಗೆ ಅಲ್ಲಿ ಪ್ರವೇಶವೇ ಇಲ್ಲ ಅಂತ ಆಮೇಲೆ ಹೇಳಿದಳು! ಮೂರು ಬೀದಿ ಆಚೆ ಒಂದು ಅಂಗಡಿಯಲ್ಲಿ ದುಡ್ಡು ಕೊಟ್ಟು ಇಟ್ಟು ಬರೋ ಹೊತ್ತಿಗೆ ಒಂಬತ್ತು ಇನ್ನಿಂಗ್ಸ್‌ನಲ್ಲಿ ಎರಡು ಮುಗಿದಿತ್ತು, ಆ ದಿನದ ಒಂದೇ ಹೋಮ್ ರನ್ (ನಮ್ಮ ಸಿಕ್ಸರ್ ಥರ) ಆ ಎರಡರಲ್ಲೇ ಹೊಡೆದಿದ್ದರಂತೆ.

ಹಾಗಾಗಿ ಪ್ರಯಾಣದ ದಿನ ರಾತ್ರಿ ಮ್ಯಾಚ್ ಇಟ್ಟುಕೊಳ್ಳಿ. ಮಧ್ಯಾಹ್ನ ಊರು ಸೇರಿ, ಬ್ಯಾಗ್ ರೂಮಿನಲ್ಲಿ ಎಸೆದು, ಬರೀ ಕೈಯಲ್ಲಿ ಹೋಗಿ. ರೂಮ್ ಕೊಡೋ ಹೊತ್ತಾಗಿರದಿದ್ದರೂ ಹೆಚ್ಚಿನ ಹೋಟೆಲ್‌ಗಳು ಬ್ಯಾಗ್ ಇಟ್ಟುಕೊಳ್ಳುತ್ತವೆ. ಅಮೆರಿಕನ್ ಫುಟ್‌ಬಾಲ್‌ಗೆ ನಿಯಮ ಇನ್ನೂ ಬಿಗಿ, ಒಳಗಿರೋದೆಲ್ಲ ಕಾಣುವ ಪಾರದರ್ಶಕ ಚೀಲವೇ ಬೇಕು. ಫಿಲಡೆಲ್ಫಿಯಾದಂಥ ಕೆಲವು ಬೇಸ್‌ಬಾಲ್ ಸ್ಟೇಡಿಯಂಗಳಲ್ಲಿ ಹೊರಗಿನ ತಿಂಡಿ ಬಿಡುತ್ತಾರೆ, ನಿಪ್ಪಟ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಹೋಗಿ.

ಟಿಕೆಟ್ ಎಲ್ಲ ಫೋನಿನಲ್ಲೇ ಇರೋದು, ಹಾಗಾಗಿ ಪವರ್ ಬ್ಯಾಂಕ್ ಮರೆಯಬೇಡಿ. ಈ ಊರುಗಳಲ್ಲಿ ಹೆಚ್ಚಿನ ಕಡೆ ಮೆಟ್ರೋ ಗೇಟಿಗೆ ಕಾರ್ಡ್ ಮುಟ್ಟಿಸಿದರೆ ತೆರೆಯುತ್ತದೆ. ನಮ್ಮ ಬ್ಯಾಂಕಿನ ಕಾರ್ಡ್ ಆದರೆ ಹೊರಡೋ ಮುಂಚೆ ಆ್ಯಪ್‌ನಲ್ಲಿ ವಿದೇಶಿ ಬಳಕೆ, ಟ್ಯಾಪ್ ಎರಡನ್ನೂ ಆನ್ ಮಾಡಿಕೊಳ್ಳಿ, ಇಲ್ಲದಿದ್ದರೆ ಹಿಂದೆ ನಿಂತವರ ಉಸಿರು ಕುತ್ತಿಗೆಗೆ ತಾಗುತ್ತಿರುತ್ತದೆ.

ಪ್ರಶ್ನೆ: ನಾವು ನವೆಂಬರ್‌ನಲ್ಲಿ ಹೋಗೋದು. ಆಗ ಏನು ನೋಡಬಹುದು?
— ಮೈಸೂರಿನ ಓದುಗರು

ಉತ್ತರ: ಮೇಡಂ, ಬೇಸ್‌ಬಾಲ್ ಅಷ್ಟೊತ್ತಿಗೆ ಮುಗಿದಿರುತ್ತದೆ. ಆದರೆ ಕಾರಿಲ್ಲದವರಿಗೆ ನಿಜಕ್ಕೂ ಸುಖ ಆ ಕಾಲವೇ, ಯಾಕೆಂದರೆ ಬಾಸ್ಕೆಟ್‌ಬಾಲ್, ಐಸ್ ಹಾಕಿ ಆಡುವ ಒಳಾಂಗಣಗಳು ಸ್ಟೇಷನ್ನಿನ ನೆತ್ತಿ ಮೇಲೇ ಕೂತಿವೆ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕೆಳಗೆ ಪೆನ್ ಸ್ಟೇಷನ್. ಬಾಸ್ಟನ್ನಿನ ಟಿಡಿ ಗಾರ್ಡನ್ ಕೆಳಗೆ ನಾರ್ತ್ ಸ್ಟೇಷನ್ (ನ್ಯೂಯಾರ್ಕ್ ರೈಲು ಬರೋದು ಸೌತ್ ಸ್ಟೇಷನ್‌ಗೆ, ಎರಡೂ ಬೇರೆ). ವಾಷಿಂಗ್ಟನ್ನಿನದ್ದು ಗ್ಯಾಲರಿ ಪ್ಲೇಸ್ ಮೆಟ್ರೋ ಮೇಲೆ. ಹೊರಗೆ ಚಳಿ, ಮಳೆ ಏನೇ ಇರಲಿ ಒಳಗೆ ಬೆಚ್ಚಗೆ.

ಅಮೆರಿಕನ್ ಫುಟ್‌ಬಾಲ್ ಹಾಗಲ್ಲ. ಒಂದು ತಂಡಕ್ಕೆ ಲೀಗ್‌ನಲ್ಲಿ 17 ಮ್ಯಾಚ್ ಮಾತ್ರ, ಅದೂ ಹೆಚ್ಚಾಗಿ ಭಾನುವಾರ. ನ್ಯೂಯಾರ್ಕ್ ಅಂತ ಹೆಸರಿಟ್ಟುಕೊಂಡ ಎರಡು ತಂಡವೂ ಆಡೋದು ಪಕ್ಕದ ನ್ಯೂಜೆರ್ಸಿಯಲ್ಲಿ. ಪೆನ್ ಸ್ಟೇಷನ್‌ನಿಂದ ಸಿಕಾಕಸ್, ಅಲ್ಲಿ ಇಳಿದು ಮ್ಯಾಚ್ ದಿನ ಬಿಡುವ ಇನ್ನೊಂದು ರೈಲು. ಮ್ಯಾಚ್ ಮುಗಿದ ಮೇಲೆ ಆ ರೈಲಿಗೆ ಕ್ಯೂ ಇರುತ್ತದೆ, ಸ್ವೆಟರ್ ಮೇಲೆ ಇನ್ನೊಂದು ಸ್ವೆಟರ್ ಹಾಕಿಕೊಂಡು ಹೋಗಿ.

ಪ್ರಶ್ನೆ: ಬೇಸ್‌ಬಾಲ್ ಎಲ್ಲ ನಮಗೆ ಅರ್ಥ ಆಗಲ್ಲ. ಅಲ್ಲಿ ಕ್ರಿಕೆಟ್ ನೋಡೋಕೆ ಆಗುತ್ತದಾ?
— ಮೂಡಿಗೆರೆಯ ಓದುಗರು

ಉತ್ತರ: ನೀವು ಮೂಡಿಗೆರೆ ಅಂದ ತಕ್ಷಣ ನೆನಪಾಗಿದ್ದು ನಾಸ್ತುಷ್ ಕೆಂಜಿಗೆ. ಅಮೆರಿಕದಲ್ಲೇ ಹುಟ್ಟಿ ನಿಮ್ಮ ಚಿಕ್ಕಮಗಳೂರು ಕಡೆ ಬೆಳೆದ ಸ್ಪಿನ್ನರ್. 2024ರ ಟಿ20 ವಿಶ್ವಕಪ್‌ನಲ್ಲಿ ಅಮೆರಿಕ ಸೂಪರ್ ಓವರ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿತಲ್ಲ, ಆ ದಿನ ಮೂರು ವಿಕೆಟ್ ತೆಗೆದವರು. ಆ ಮ್ಯಾಚ್ ನಡೆದಿದ್ದು ಡಲ್ಲಾಸ್ ಹತ್ತಿರದ ಗ್ರ್ಯಾಂಡ್ ಪ್ರೇರಿಯಲ್ಲಿ. 2023ರಲ್ಲಿ ಶುರುವಾದ ಮೇಜರ್ ಲೀಗ್ ಕ್ರಿಕೆಟ್‌ನ ಮುಖ್ಯ ಮೈದಾನವೂ ಅದೇ.

ತೊಂದರೆ ಏನಂದರೆ ಅದು ಪೂರ್ತಿ ಕಾರಿನವರ ಸೀಮೆ. ಪಕ್ಕದ ಆರ್ಲಿಂಗ್ಟನ್‌ನಲ್ಲಿ ಎರಡು ಭಾರೀ ಸ್ಟೇಡಿಯಂ ಇವೆ, ಆದರೆ ಊರೊಳಗೆ ಓಡಾಡೋಕೆ ನಮ್ಮ ಸಿಟಿ ಬಸ್ ಥರದ್ದು ಇಲ್ಲ. ಹೋಗಲೇಬೇಕು ಅಂದರೆ ಮೈದಾನದ ಹತ್ತಿರವೇ ಎರಡು ಮೂರು ದಿನ ರೂಮ್ ಹಿಡಿದು, ಊಬರ್‌ಗೆ ಬೇರೆಯೇ ದುಡ್ಡು ಎತ್ತಿಟ್ಟು, ಸಾಲಾಗಿ ಮ್ಯಾಚ್ ನೋಡಿ. ಊರೂರು ಸುತ್ತೋ ಆಸೆ ಬಿಡಿ. 2025ರಲ್ಲಿ ಈ ಲೀಗ್‌ನ ಕೆಲವು ಮ್ಯಾಚ್ ಓಕ್‌ಲ್ಯಾಂಡ್ ಕೊಲಿಸಿಯಂನಲ್ಲೂ ನಡೆದವು, ಅಲ್ಲಿಗೆ ಸ್ಯಾನ್‌ಫ್ರಾನ್ಸಿಸ್ಕೋದಿಂದ ಬಾರ್ಟ್ ರೈಲು ಹೋಗುತ್ತದೆ, ನಿಲ್ದಾಣದಿಂದ ಮೈದಾನಕ್ಕೆ ಸೇತುವೆ ಮೇಲೆ ನಡೆದು ಹೋಗಬಹುದು. ನೀವು ಹೋಗೋ ವರ್ಷ ಅಲ್ಲಿ ಮ್ಯಾಚ್ ಹಾಕಿದ್ದರೆ ಕಣ್ಣುಮುಚ್ಚಿ ಅದನ್ನೇ ಆರಿಸಿ.

ಪ್ರಶ್ನೆ: ನನಗೆ 63, ಯಜಮಾನರಿಗೆ 68. ರಾತ್ರಿ ಮ್ಯಾಚ್ ಮುಗಿಸಿ ರೈಲಲ್ಲಿ ವಾಪಸ್ ಬರೋದು ಕಷ್ಟ ಆಗುತ್ತದಾ? ನಾವು ಸಸ್ಯಾಹಾರಿಗಳು, ಊಟದ್ದೂ ಚಿಂತೆ.
— ಉಡುಪಿಯ ಓದುಗರು

ಉತ್ತರ: ಏಳು ಗಂಟೆ ಹೊತ್ತಿಗೆ ಶುರುವಾದ ಬೇಸ್‌ಬಾಲ್ ಮ್ಯಾಚ್ ಈಗ ಹತ್ತರ ಒಳಗೇ ಮುಗಿಯೋದು ಜಾಸ್ತಿ. 2023ರಲ್ಲಿ ಚೆಂಡು ಎಸೆಯೋಕೆ ಇಷ್ಟೇ ಸೆಕೆಂಡು ಅಂತ ಗಡಿಯಾರ ಇಟ್ಟ ಮೇಲೆ ಮ್ಯಾಚ್ ಸರಾಸರಿ ಎರಡೂ ಮುಕ್ಕಾಲು ಗಂಟೆಯ ಒಳಗೇ ಬಂದಿದೆ. ಮುಗಿದ ಕೂಡಲೇ ಜನರ ಜೊತೆಯಲ್ಲೇ ಹೊರಟುಬಿಡಿ ಅಮ್ಮಾ. ಸಾವಿರಾರು ಜನ, ಮಕ್ಕಳು ಮರಿ, ಅಜ್ಜ ಅಜ್ಜಿ ಎಲ್ಲ ಅದೇ ರೈಲಿನಲ್ಲಿ ಇರುತ್ತಾರೆ. ಅಂಗಡಿ ನೋಡುತ್ತಾ ಒಂದು ಗಂಟೆ ತಡ ಮಾಡಿದರೇ ನಿಲ್ದಾಣ ಬಿಕೋ ಅನ್ನೋದು. ಅದೂ ಬೇಡ ಅನಿಸಿದರೆ ಮಧ್ಯಾಹ್ನದ ಮ್ಯಾಚ್ ಆರಿಸಿ, ಭಾನುವಾರ ಎಲ್ಲ ಕಡೆ ಹೆಚ್ಚಾಗಿ ಹಗಲಲ್ಲೇ ಇರುತ್ತದೆ.

ಊಟಕ್ಕೆ ನ್ಯೂಯಾರ್ಕಿನಲ್ಲಿ ಹೀಗೆ ಮಾಡಿ. ಮೆಟ್ಸ್ ಮ್ಯಾಚ್ ದಿನ 7ನೇ ನಂಬರ್ ರೈಲಿನಲ್ಲಿ ಸ್ಟೇಡಿಯಂ ನಿಲ್ದಾಣ ಬಂದರೂ ಇಳಿಯಬೇಡಿ. ಮುಂದಿನದೇ ಕೊನೆ ನಿಲ್ದಾಣ, ಫ್ಲಶಿಂಗ್ ಮೇನ್ ಸ್ಟ್ರೀಟ್. ಅಲ್ಲಿಂದ ಸುಮಾರು 2 ಕಿ.ಮೀ. ದೂರದ ಬೌನ್ ಸ್ಟ್ರೀಟ್‌ನಲ್ಲಿ ಗಣೇಶನ ಗುಡಿ, ಅದರ ನೆಲಮಾಳಿಗೆಯಲ್ಲಿ ಕ್ಯಾಂಟೀನು. ಕೈಮುಗಿದು, ಕೆಳಗಿಳಿದು, ದೋಸೆ ತಿಂದು ಕಾಫಿ ಕುಡಿದು, ಒಂದೇ ಒಂದು ನಿಲ್ದಾಣ ಹಿಂದಕ್ಕೆ ಬಂದರೆ ಸ್ಟೇಡಿಯಂ. ಉಡುಪಿಯವರಿಗೆ ದೋಸೆ ಬಗ್ಗೆ ಹೇಳೋ ಧೈರ್ಯ ನನಗಿಲ್ಲ, ತಿಂದು ನೀವೇ ಬರೆದು ತಿಳಿಸಿ.