ಮೂರು ಸೆಕೆಂಡು, ಮೈನಸ್ ಎಪ್ಪತ್ತು ಕೋಟಿ

ಪ್ರಶ್ನೆ: ಸರ್, ನಮ್ಮೂರು ಜಮಖಂಡಿ ಹತ್ತಿರ, ಬಾಗಲಕೋಟೆಯಲ್ಲಿ ಬಿಇ ಓದುತ್ತಿದ್ದೇನೆ. ಕಬ್ಬಿನ ಟ್ರ್ಯಾಕ್ಟರ್ ಕಾಟಾ ಹತ್ತಿದ ಮೇಲೆ ತೂಕದ ಅಂಕಿ ನಿಲ್ಲಲು ಎಷ್ಟು ಹೊತ್ತು ಬೇಕು ಅಂತ ಅಳೆಯುವ ಪ್ರಾಜೆಕ್ಟ್, ಸಿ ಭಾಷೆಯಲ್ಲಿ. ಎರಡು ಟೈಮ್‌ಸ್ಪೆಕ್ (ಸೆಕೆಂಡಿಗೊಂದು, ನ್ಯಾನೊಸೆಕೆಂಡಿಗೊಂದು ಮನೆ ಇರುವ ವೇಳೆಯ ಬೆಲೆ) ತಗೊಂಡು ಸೆಕೆಂಡಿನಲ್ಲಿ ಸೆಕೆಂಡು, ನ್ಯಾನೊಸೆಕೆಂಡಿನಲ್ಲಿ ನ್ಯಾನೊಸೆಕೆಂಡು ಕಳೆದೆ. ಒಮ್ಮೊಮ್ಮೆ ಸರಿ ಬರ್ತದ, ಒಮ್ಮೊಮ್ಮೆ ‘3.-700000000’ ಬರ್ತದ. ಯಾವುದು ಮೊದಲು ಅಂತ ಹೋಲಿಸಿದರೂ ತಪ್ಪು ಹೇಳ್ತದ. ಎಲ್ಲಿ ಎಡವಿದೆ?

ಉತ್ತರ: ಕಳೆಯುವಾಗ ಕಡ ತರುವುದನ್ನು ಬಿಟ್ಟಿದ್ದೀರಿ. ಹನ್ನೆರಡೂ ಹತ್ತರಲ್ಲಿ ಹತ್ತೂ ಐವತ್ತು ಕಳೆಯಬೇಕಾದರೆ ಏನು ಮಾಡುತ್ತೇವೆ? ನಿಮಿಷದ ಮನೆಯ 10ರಲ್ಲಿ 50 ಹೋಗುವುದಿಲ್ಲ. ಪಕ್ಕದಿಂದ ಒಂದು ಗಂಟೆ ಕಡ ತಂದು 70 ಮಾಡಿಕೊಳ್ಳುತ್ತೇವೆ. ಇಲ್ಲಿಯೂ ಅಷ್ಟೇ, ಆದರೆ ಒಂದು ಸೆಕೆಂಡು ಅಂದರೆ 100 ಕೋಟಿ ನ್ಯಾನೊಸೆಕೆಂಡು.

ನಿಮ್ಮ ಅಂಕಿಯಿಂದ ಊಹಿಸಿದರೆ, ಶುರು 10 ಸೆಕೆಂಡು 90 ಕೋಟಿ, ಕೊನೆ 13 ಸೆಕೆಂಡು 20 ಕೋಟಿ ಇದ್ದೀತು. ನೇರ ಕಳೆದರೆ 3 ಮತ್ತು ಮೈನಸ್ 70 ಕೋಟಿ. ನ್ಯಾನೊಸೆಕೆಂಡಿನ ಮನೆ ಟಿವಿ_ಎನ್‌ಸೆಕ್ ಸೊನ್ನೆಗಿಂತ ಕೆಳಗಿಳಿದರೆ ಸೆಕೆಂಡಿನ ಮನೆ ಟಿವಿ_ಸೆಕ್‌ನಲ್ಲಿ ಒಂದು ಇಳಿಸಿ, ಟಿವಿ_ಎನ್‌ಸೆಕ್‌ಗೆ 100 ಕೋಟಿ ಕೂಡಿಸಿ. 2 ಸೆಕೆಂಡು 30 ಕೋಟಿ, ಅಂದರೆ 2.3 ಸೆಕೆಂಡು. ಕೂಡಿಸುವಾಗ ಇದರ ತಿರುವು: ನ್ಯಾನೊಸೆಕೆಂಡು 100 ಕೋಟಿ ಮುಟ್ಟಿದರೆ ಅಷ್ಟನ್ನು ಕಳೆದು ಸೆಕೆಂಡಿಗೆ ಒಂದು ದಾಟಿಸಬೇಕು.

ಹೋಲಿಕೆ ಕೆಟ್ಟದ್ದೂ ಇದೇ ಜೋಡಿಯಲ್ಲಿ ಕಾಣುತ್ತದೆ. ‘ಸೆಕೆಂಡೂ ಚಿಕ್ಕದು, ನ್ಯಾನೊಸೆಕೆಂಡೂ ಚಿಕ್ಕದು’ ಎಂದು ಎರಡನ್ನೂ ಆಂಡ್ ಹಾಕಿ ಕೇಳಿರಬೇಕು. 10 ಚಿಕ್ಕದು, ಆದರೆ 90 ಕೋಟಿ ದೊಡ್ಡದು, ಹಾಗಾಗಿ ಅದು ಇಲ್ಲ ಅಂದುಬಿಡುತ್ತದೆ. ಮೊದಲು ಸೆಕೆಂಡು ನೋಡಿ. ಅವು ಸಮ ಬಂದಾಗ ಮಾತ್ರ ನ್ಯಾನೊಸೆಕೆಂಡಿನ ಮಾತು.

ಎಲ್ಲವನ್ನೂ ನ್ಯಾನೊಸೆಕೆಂಡಿಗೆ ಇಳಿಸಿ ಒಂದೇ ಸಂಖ್ಯೆ ಮಾಡಿಕೊಂಡರೆ ಲೆಕ್ಕ ಹಗುರ, ಆದರೆ 64 ಬಿಟ್ಟಿನಲ್ಲೇ ಇಡಿ. 32 ಬಿಟ್ಟಿನ ಇಂಟ್ 2.147 ಸೆಕೆಂಡಿಗೇ ತುಂಬಿಬಿಡುತ್ತದೆ, ನಿಮ್ಮ 2.3 ಅದರಲ್ಲಿ ಹಿಡಿಯುವುದೇ ಇಲ್ಲ. ಸಿ ಭಾಷೆಯ ಡಿಫ್‌ಟೈಮ್ ಫಂಕ್ಷನ್ ಇಲ್ಲಿ ಬೇಡ, ಅದು ಟೈಮ್_ಟಿ ಬೆಲೆಗಳಿಗೆ, ಅವುಗಳಲ್ಲಿ ನ್ಯಾನೊಸೆಕೆಂಡಿನ ಮನೆ ಇಲ್ಲ.

ನೀವು ಕೇಳದ ಒಂದು ಮಾತು, ಆದರೆ ನನಗೆ ಇದೇ ಹೆಚ್ಚು ಮುಖ್ಯ: ಯಾವ ಗಡಿಯಾರ ಓದುತ್ತಿದ್ದೀರಿ? ಕ್ಲಾಕ್_ರಿಯಲ್‌ಟೈಮ್ ಗೋಡೆ ಗಡಿಯಾರವಿದ್ದಂತೆ. ಯಾರಾದರೂ ಸಮಯ ತಿದ್ದಿದರೆ ಅಳತೆಯ ನಡುವೆಯೇ ಹಿಂದೆ ಸರಿದೀತು. ಆಗ ಕಡ ತಂದರೂ ಉತ್ತರ ಮೈನಸ್ಸೇ. ಅಂಕಿ ನಿಲ್ಲುವ ಹೊತ್ತನ್ನು ಹಿಂದೆ ಸರಿಯದ ಗಡಿಯಾರ ಕ್ಲಾಕ್_ಮೊನೋಟಾನಿಕ್‌ನಿಂದ ಅಳೆಯಿರಿ. ಆದರೆ ರೈತರಿಗೆ ಕೊಡುವ ಚೀಟಿಯ ಮೇಲಿನ ತಾರೀಖು, ವೇಳೆ ರಿಯಲ್‌ಟೈಮ್‌ನದ್ದೇ ಇರಲಿ. ಲಿನಕ್ಸ್‌ನಲ್ಲಿ ಮೊನೋಟಾನಿಕ್‌ಗೆ ತಾರೀಖು ಗೊತ್ತಿಲ್ಲ, ಕರೆಂಟ್ ಹೋಗಿ ಕಂಪ್ಯೂಟರ್ ಮತ್ತೆ ಶುರುವಾದರೆ ಎಣಿಕೆಯೂ ಹೊಸದಾಗಿ ಶುರು.

ಛಾಪಿಸುವಾಗ ನ್ಯಾನೊಸೆಕೆಂಡಿಗೆ ಎಡಗಡೆ ಸೊನ್ನೆ ತುಂಬಿ ಒಂಬತ್ತು ಅಂಕಿ ಮಾಡಿ. ಇಲ್ಲದಿದ್ದರೆ 5 ಕೋಟಿ ಇರುವ 2.05 ಸೆಕೆಂಡು ‘2.50000000’ ಎಂದು ಅಚ್ಚಾಗಿ ಎರಡೂವರೆ ಅನಿಸಿಕೊಳ್ಳುತ್ತದೆ. 10.95 ಮತ್ತು 13.0 ಜೋಡಿ ಕೊಟ್ಟು ನೋಡಿ, ‘2.050000000’ ಬರಬೇಕು.